ಹಾರ್ನ್ ವೈರಿಗೂ ಸುಟ್ಟ ಪಿನ್ನಿಗೂ ಏನು ಸಂಬಂಧ?

ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡು ಇನ್ನೂ ಮೂರು ತಿಂಗಳಾಗಿಲ್ಲ. ಬೆಳಿಗ್ಗೆ ಸ್ಟಾರ್ಟ್ ಬಟನ್ ಒತ್ತಿದರೆ ಬರೀ ಟಕ್ ಟಕ್ ಸದ್ದು. ಬ್ಯಾಟರಿ ಹೋಗಿದೆ ಅಂದರು, ಬದಲಾಯಿಸಿದೆ. ಎರಡೇ ವಾರಕ್ಕೆ ಅದೂ ಡೌನ್. ಕೊನೆಗೆ ನಾನೇ ಮಲ್ಟಿಮೀಟರ್ ಹಿಡಿದು ಕೂತೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ತೋರಿಸಬೇಕು. ನನ್ನದರಲ್ಲಿ ರೇಸ್ ಕೊಟ್ಟರೂ 12.3 ದಾಟಲಿಲ್ಲ. ಅಂದರೆ ತಪ್ಪು ಬ್ಯಾಟರಿಯದಲ್ಲ, ಚಾರ್ಜೇ ಆಗುತ್ತಿಲ್ಲ. ಇಂಜಿನ್ನಿನ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಮಾಡಿ ಕಳಿಸುವ ರೆಕ್ಟಿಫೈಯರ್‌ನ ಕನೆಕ್ಟರ್ ಬಿಚ್ಚಿದರೆ ಒಂದು ಪಿನ್ ಸುಟ್ಟು ಕರಕಲಾಗಿತ್ತು.

ಬೈಕಿನ ವಾರಂಟಿ ಇನ್ನೂ ಇದೆ ಅಲ್ವಾ ಅಂತ ಸರ್ವಿಸ್ ಸೆಂಟರಿಗೆ ಹೋದೆ. ಮೊದಲು, "ಅದು ಹಳೇ ಮಾಲೀಕರ ಹೆಸರಲ್ಲಿದೆ" ಅಂದರು. ವರ್ಗಾವಣೆ ಕಾಗದ ತೋರಿಸಿದೆ. ಆಮೇಲೆ, "ಯಾರೋ ಹಾರ್ನ್ ವೈರ್ ಕತ್ತರಿಸಿ ಜೋಡಿಸಿದ್ದಾರೆ, ಹಾಗಾಗಿ ಆಗಲ್ಲ" ಅಂದರು. ಹಾರ್ನ್ ಇರುವುದು ಮುಂದೆ, ಸುಟ್ಟಿರುವುದು ಸೀಟಿನ ಕೆಳಗೆ! ಅದರಿಂದ ಇದು ಹೇಗೆ ಸುಟ್ಟಿತು ಅಂತ ಕೇಳಿದರೆ ಉತ್ತರವೇ ಇಲ್ಲ. ಪಿನ್ನನ್ನು ಯಾರೂ ಬಗ್ಗಿ ನೋಡಲೂ ಇಲ್ಲ. ನನಗೆ ಜಾಸ್ತಿ ನೋವಾಗಿದ್ದು ಅದೇ.

ಆಗಲ್ಲ ಅನ್ನುವುದಾದರೆ ಕಾರಣ ಬರೆದು ಕೊಡಿ ಅಂದೆ. ಅದನ್ನೂ ಕೊಡಲಿಲ್ಲ. ಹಳೇ ಬೈಕ್ ಕೊಂಡವರನ್ನು ಹೀಗೆ ಸುಮ್ನೆ ಓಡಾಡಿಸುವುದು ಸರಿಯಾ? ಪಿನ್ನಿನ ಫೋಟೋ, ವೋಲ್ಟ್ ಬರೆದ ಚೀಟಿ ಹಿಡಿದು ನಾಳೆ ಮತ್ತೆ ಹೋಗುತ್ತೇನೆ.