ದನದ ಮದ್ದು ಮನುಷ್ಯರ ಮೈಗೆ

ನಾನು ಪಶುವೈದ್ಯ. ಅಮೆರಿಕದ ಫಿಲಡೆಲ್ಫಿಯಾದ ಬೀದಿಗಳಲ್ಲಿ ಫೆಂಟನಿಲ್ ಎಂಬ ಅಫೀಮಿನಂಥ ಕಡು ಮಾದಕಕ್ಕೆ, ದನಗಳಿಗೆ ಮಂಪರು ಬರಿಸುವ ಕ್ಸೈಲಜೀನ್ ಬೆರೆಸಿ ಮಾರುತ್ತಾರೆಂದು ಓದಿ ಕರುಳು ಚುರುಕ್ ಎಂದಿತು. ಹಸುವಿನ ಕೊಂಬು ತೆಗೆಯುವಾಗ ನಾವು ಕೊಡುವುದು ಅದನ್ನೇ. ಒಂದೆರಡು ಎಂ.ಎಲ್. ಸಾಕು, ಸ್ವಲ್ಪ ಹೊತ್ತಿಗೆ ತಲೆ ಜೋತುಬಿದ್ದು, ಜೊಲ್ಲು ಸುರಿಸುತ್ತಾ ಹಸು ಮಲಗಿಬಿಡುತ್ತದೆ. ಅಂಥದ್ದು ತನ್ನ ಮೈಗೆ ಹೋಗುತ್ತಿದೆ ಅನ್ನೋದೇ ಚುಚ್ಚಿಕೊಳ್ಳುವವನಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ! ಸೂಜಿ ತಾಕದ ಜಾಗದಲ್ಲೂ ಚರ್ಮ ಕಪ್ಪಾಗಿ ಕೊಳೆಯುತ್ತದೆ; ಕೈಕಾಲು ಕಳೆದುಕೊಂಡವರಿದ್ದಾರೆ. ಮಾದಕ ಅತಿಯಾಗಿ ಬಿದ್ದವರಿಗೆ ಕೊಡುವ ನಲಾಕ್ಸೋನ್ ಎಂಬ ಮದ್ದು ಫೆಂಟನಿಲ್‌ನ ಅಮಲನ್ನಷ್ಟೇ ಇಳಿಸುತ್ತದೆ, ಕ್ಸೈಲಜೀನ್ ಮೇಲೆ ಅದರ ಆಟ ನಡೆಯುವುದಿಲ್ಲ. ಹಾಗಂತ ಕೊಡದೇ ಇರಬಾರದು. ಕೊಟ್ಟು, ಉಸಿರಾಟ ನೋಡುತ್ತಾ ಆಂಬುಲೆನ್ಸ್ ಕರೆಯಬೇಕು.

ಬೆರಕೆ ಪತ್ತೆಮಾಡುವ ಕಾಗದದ ಪರೀಕ್ಷಾ ಪಟ್ಟಿ (ಟೆಸ್ಟ್ ಸ್ಟ್ರಿಪ್) ಹಂಚಿದರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಆ ಪಟ್ಟಿಯಲ್ಲಿ ಬೆರಕೆ ಕಂಡವನು ತನ್ನನ್ನು ನೋಡಿಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡರೂ ಒಂದು ಜೀವ ಉಳಿದೀತು.