ಎಬಿಸಿಯಲ್ಲಿ ಕ್ರೆಡಿಟ್ ತುಂಬಿದರೆ ಡಿಗ್ರಿ ಮುಗಿಯಿತೇ?

"ಎಬಿಸಿ ಖಾತೆಯಲ್ಲಿ ಕ್ರೆಡಿಟ್ ಮೊತ್ತ ಸರಿಯಿದ್ದರೆ ಡಿಗ್ರಿ ಆಯ್ತು, ಮೆಂಟರ್ (ಮಾರ್ಗದರ್ಶಕ ಅಧ್ಯಾಪಕರು) ಹತ್ತಿರ ಹೋಗುವುದು ಬೇಡ" ಎಂಬ ವಾಟ್ಸಾಪ್ ಸಂದೇಶ ಮಂಗಳೂರಿನ ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಹಾಗಲ್ಲ ಮಾರಾಯ್ರೆ. ಯುಜಿಸಿ 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ಎಬಿಸಿ, ಪತ್ರಿಕೆ ಪಾಸಾದಾಗ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುತ್ತದೆ, ಅಷ್ಟೇ. ಪದವಿ ಕೊಡುವುದು ವಿಶ್ವವಿದ್ಯಾಲಯವೇ. ಪಠ್ಯಕ್ರಮದ ನಿಯಮದೊಂದಿಗೆ ತಾಳೆ ನೋಡಿ ಯಾವ ಪತ್ರಿಕೆ ಬಾಕಿ ಎಂದು ಹೇಳುವುದು ಡಿಗ್ರಿ ಆಡಿಟ್ ತಂತ್ರಾಂಶ, ಅದು ಬೇರೆ.

ಮೊನ್ನೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳು ಮೊಬೈಲ್ ತೋರಿಸಿದಳು. ಮೊತ್ತ ಸರಿ. ಆದರೆ ಐಚ್ಛಿಕ ಪತ್ರಿಕೆ ಒಂದು ಹೆಚ್ಚು, ಕಡ್ಡಾಯ ಭಾಷಾ ಪತ್ರಿಕೆ ಒಂದು ಕಡಿಮೆ! ಆಡಿಟ್ ಇದ್ದಿದ್ದರೆ ಆ ಸೆಮಿಸ್ಟರಿನಲ್ಲೇ ಗೊತ್ತಾಗುತ್ತಿತ್ತು. ಮೆಂಟರಿಗೂ ಕೂಡಿಸಿ ಕಳೆಯುವ ಗೋಳು ತಪ್ಪುತ್ತಿತ್ತು. ಅದಿಲ್ಲದ ಕಾಲೇಜಿನ ವಿದ್ಯಾರ್ಥಿಗಳು ಅಂಕಪಟ್ಟಿಗಳನ್ನೆಲ್ಲ ಹಿಡಿದು ಮೆಂಟರ್ ಎದುರು ಕೂರಲೇಬೇಕು.