ನಾಳಿನ ಆಟಗಳಿಗೆ 8 ಜಿಬಿ ಸಾಲದು

ಆರ್‌ಟಿಎಕ್ಸ್ 4060 ಮತ್ತು ಆರ್‌ಎಕ್ಸ್ 7600 ಎಕ್ಸ್‌ಟಿ ಎಂಬ ಎರಡು ಗ್ರಾಫಿಕ್ಸ್ ಕಾರ್ಡುಗಳಲ್ಲಿ (ಕಂಪ್ಯೂಟರ್ ಆಟದ ದೃಶ್ಯಗಳನ್ನು ಮೂಡಿಸುವ ಭಾಗ) ಮೊದಲನೆಯದೇ ಮೇಲೆಂಬ ಲೇಖನವೊಂದರ ತೀರ್ಮಾನವನ್ನು, ಒಂದೇ ಕಾರ್ಡಿನಲ್ಲಿ ನಾಲ್ಕೈದು ವರ್ಷ ಆಡಬೇಕೆನ್ನುವವರ ಮಟ್ಟಿಗೆ ನಾನು ಒಪ್ಪಲಾರೆ. 4060ರಲ್ಲಿರುವುದು 8 ಜಿಬಿ ಮೆಮೊರಿ. ಅದು ತುಂಬಿದೊಡನೆ ಕಾರ್ಡು ಕಂಪ್ಯೂಟರಿನ ರ‍್ಯಾಮನ್ನು ಆಶ್ರಯಿಸಬೇಕಾಗುವುದರಿಂದ ಆಟ ತಡವರಿಸುತ್ತದೆ. ಬದಿಯಡ್ಕದ ನಮ್ಮ ಮನೆಯಲ್ಲಿ ತಮ್ಮನ 8 ಜಿಬಿ ಕಾರ್ಡಿನಲ್ಲಿ ಟೆಕ್ಸ್‌ಚರ್ (ಆಟದ ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಗುಣಮಟ್ಟವನ್ನು ಪೂರ್ತಿ ಏರಿಸಿದಾಗ, ಎದುರಿನ ಕಲ್ಲಿನ ಗೋಡೆ ಮೊದಲು ಮಸುಕಾಗಿ ಕಂಡು, ಒಂದೆರಡು ಕ್ಷಣ ಕಳೆದ ಮೇಲೆ ಒಮ್ಮೆಲೇ ಸ್ಪಷ್ಟವಾಗುವುದನ್ನು ಕಣ್ಣಾರೆ ಕಂಡಿದ್ದೇನೆ. 7600 ಎಕ್ಸ್‌ಟಿಯಲ್ಲಿ 16 ಜಿಬಿ ಇದೆ. ಬೆಳಕು-ನೆರಳನ್ನು ನೈಜವಾಗಿ ತೋರಿಸುವ ರೇ ಟ್ರೇಸಿಂಗ್‌ನಲ್ಲಿ 4060 ಮುಂದಿರುವುದು ನಿಜ. ಆ ಕಾರ್ಡಿಗೆ 115 ವಾಟ್ ವಿದ್ಯುತ್ ಸಾಕು, ಇನ್ನೊಂದಕ್ಕೆ 190 ಬೇಕು. ಮಳೆಗಾಲದಲ್ಲಿ ಇನ್ವರ್ಟರನ್ನೇ ನಂಬಿರುವ ನಮ್ಮ ಕಾಸರಗೋಡಿನ ಕಡೆಯವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹಾಗಿದ್ದರೂ, ಕಾರ್ಡಿಗೆ ಆಮೇಲೆ ಮೆಮೊರಿ ಸೇರಿಸಲು ಬಾರದಿರುವುದರಿಂದ, ನಾನು ಎರಡನೆಯದನ್ನೇ ಕೊಳ್ಳುತ್ತೇನೆ.